ಆರನೆಯ ಗೆರೆ

ಮುಲುಂಡ್‌ನಿಂದ ಎಂಟು ಹನ್ನೆರಡಕ್ಕೆ ಹೊರಟ ಲೋಕಲ್ಲಿನಲ್ಲಿ ಹಿರಿಯಣ್ಣ ತನ್ನ ಮೂಗಿಗೆ ಒತ್ತಿಕೊಂಡಿದ್ದ ಯಾರದೋ ಬೆನ್ನಿನ ಮೇಲಿನ ಗೆರೆಗಳನ್ನು ಎಣಿಸುತ್ತಿದ್ದ. ನೀಲಿ ಅಂಗಿ, ಬಿಳಿ ಗೆರೆ. ಎಡಭುಜದ ಹೊಲಿಗೆಯಿಂದ ಬೆನ್ನಿನ ಮಧ್ಯದವರೆಗೆ ಹನ್ನೊಂದು. ಮತ್ತೆ ಎಣಿಸಿದರೆ ಹನ್ನೆರಡು. ಭಾಂಡುಪ್‌ನಲ್ಲಿ ನೂಕುನುಗ್ಗಲಾಗಿ ಬೆನ್ನು ಬದಲಾಯಿತು. ಈ ಹೊಸ ಬೆನ್ನಿನ ಮೇಲೆ ಬೆವರಿನ ಒಂದು ಕಲೆ ಬಿಟ್ಟರೆ ಬೇರೇನೂ ಇರಲಿಲ್ಲ, ಆದರೂ ಅವನ ತುಟಿ ಒಂದು ಎರಡು ಎನ್ನುತ್ತಲೇ ಇತ್ತು. ನಲವತ್ತೇಳು ವರ್ಷದ ಗಂಡಸು, ಇಬ್ಬರು ಮಕ್ಕಳ ತಂದೆ, ಸೊಸೈಟಿಯ ಕಮಿಟಿಯಲ್ಲಿ ನೀರಿನ ಟ್ಯಾಂಕಿನ ಜವಾಬ್ದಾರಿ ಹೊತ್ತವನು, ಹೀಗೆ ಕಂಡವರ ಬೆನ್ನು ಎಣಿಸುತ್ತಾ ನಿಂತಿದ್ದೇನಲ್ಲ ಎಂದು ನಾಚಿಕೆಯಾಯಿತು. ಬೆಳಿಗ್ಗೆ ಹೆಂಡತಿ ವನಮಾಲಾ ಡಬ್ಬಿ ಕಟ್ಟುತ್ತಾ, "ಗುರುವಾರದ ಇಂಟರ್‌ವ್ಯೂಗೆ ಆ ಬೂದು ಪ್ಯಾಂಟೇ ಹಾಕ್ಕೊಳ್ಳಿ, ಇಸ್ತ್ರಿಗೆ ಕೊಟ್ಟಿದೀನಿ," ಎಂದಿದ್ದಳು. ಹತ್ತೊಂಬತ್ತು ವರ್ಷ ಅಸಿಸ್ಟೆಂಟ್ ಆಗಿಯೇ ಸವೆದ ಗಂಡ ಈ ಗುರುವಾರ ಆಫೀಸರ್ ಆಗಿಬಿಡುತ್ತಾನೆ ಎಂದು ಅವಳು ಎದುರು ಫ್ಲಾಟಿನವರಿಗೆ ಆಗಲೇ ಹೇಳಿಯೂ ಆಗಿತ್ತು. ಗುರುವಾರಕ್ಕೆ ಇನ್ನೂ ಮೂರು ದಿನವಿತ್ತು. ಇವತ್ತು ಸೋಮವಾರ, ಇವತ್ತು ಫಿಲ್ಮು ಓದಬೇಕಿತ್ತು.

ಫಿಲ್ಮು ಓದುವುದು ಎಂದರೇನು ಎಂದು ತನ್ನ ಸಂಶೋಧನಾ ಸಂಸ್ಥೆಯ ಹೊರಗಿನ ಒಬ್ಬರಿಗೂ ಅವನಿಂದ ತಿಳಿಸಿಹೇಳಲು ಆಗಿರಲಿಲ್ಲ. ವನಮಾಲಾ ಅದನ್ನು ಎಕ್ಸ್‌ರೇ ಎಂದು ತಿಳಿದು, ಗಂಡ ಯಾವುದೋ ಆಸ್ಪತ್ರೆಯಂಥ ಕಡೆ ಇದ್ದಾನೆಂದು ತನ್ನ ತಮ್ಮಂದಿರಿಗೆ ಹೇಳಿದ್ದಳು. ಅವಳದೂ ಪೂರ್ತಿ ತಪ್ಪಲ್ಲ, ಎಕ್ಸ್‌ರೇ ಹಾಳೆಯೇ ಅದು. ಭತ್ತದ ಎಲೆಯ ತುದಿಯಲ್ಲಿ ಶುರುವಾಗಿ ಅಂಚನ್ನು ಒಣಗಿಸಿಕೊಂಡು ಇಳಿಯುವ ಅಂಗಮಾರಿ ಎಂಬ ರೋಗ; ಆ ರೋಗ ತರುವ, ಜೇನಿನ ಬಣ್ಣದ ಒಂದು ಬ್ಯಾಕ್ಟೀರಿಯಾ; ಅದರ ಒಡಲಲ್ಲಿ ನಾಲ್ಕೇ ನಾಲ್ಕು ಅಕ್ಷರಗಳಲ್ಲಿ ಬರೆದಿಟ್ಟ, ಲಕ್ಷಗಟ್ಟಲೆ ಅಕ್ಷರ ಉದ್ದದ ಜಾತಕ. ಪೂರ್ತಿ ಓದಲು ನಮ್ಮ ಈ ಕೈಗಳಿಗೆ ಇನ್ನೂರು ವರ್ಷ ಬೇಕು ಎಂದು ಲ್ಯಾಬಿನ ಮುಖ್ಯಸ್ಥರಾದ ಡಾಕ್ಟರ್ ವೆಂಕಟಸುಬ್ಬಯ್ಯ ಭಾಷಣಗಳಲ್ಲಿ ಹೇಳುತ್ತಿದ್ದರು. ಅದಕ್ಕೇ ಅವರು ಒಂದೇ ಒಂದು ಜೀನು ಹಿಡಿದಿದ್ದರು, ಮೂರು ಸಾವಿರ ಅಕ್ಷರಗಳದ್ದು, ಬ್ಯಾಕ್ಟೀರಿಯಾ ಎಲೆಯೊಳಗೆ ನುಗ್ಗಲು ಬೇಕಾದದ್ದು. ಆ ಜೀನು ಕೆಟ್ಟರೆ ರೋಗವೇ ಇಲ್ಲ. ಫಿಲ್ಮಿನ ಮೇಲೆ ಅಕ್ಷರಕ್ಕೊಂದರಂತೆ ನಾಲ್ಕು ಸಾಲು, ಜಿ, ಎ, ಟಿ, ಸಿ. ಸಾಲುಗಳಲ್ಲಿ ಸಣ್ಣ ಕಪ್ಪು ಗೆರೆಗಳು. ಕೆಳಗಿನಿಂದ ಮೇಲಕ್ಕೆ ಒಂದೊಂದೇ ಗೆರೆ ಹತ್ತುತ್ತಾ, ಅದು ಯಾವ ಸಾಲಿನಲ್ಲಿದೆಯೋ ಆ ಅಕ್ಷರ ಹೇಳಬೇಕು. ಒಬ್ಬರು ಬೆರಳಿಟ್ಟು ಓದುವುದು, ಇನ್ನೊಬ್ಬರು ಪೆನ್ಸಿಲಿನಲ್ಲಿ ಬರೆಯುವುದು. ಆಮೇಲೆ ಎರಡನೆಯವರು ಮೊದಲನೆಯವರ ಪುಸ್ತಕ ನೋಡದೆ ತಾವೇ ಇನ್ನೊಮ್ಮೆ ಓದುವುದು. ಒಂದು ಅಕ್ಷರ ತಪ್ಪಿದರೆ ಅಲ್ಲಿಂದ ಮುಂದಿನದೆಲ್ಲ ಅಪಾರ್ಥ, ಏಕೆಂದರೆ ಬ್ಯಾಕ್ಟೀರಿಯಾ ಅದನ್ನು ಮೂರು ಮೂರು ಅಕ್ಷರವಾಗಿ ಓದಿಕೊಳ್ಳುತ್ತದೆ. ಈ ಕೆಲಸದಲ್ಲಿ ಹಿರಿಯಣ್ಣನ ಕಣ್ಣು ಎಂದರೆ ಇಡೀ ಮಹಡಿಯಲ್ಲಿ ಮರ್ಯಾದೆಯಿತ್ತು. ಬೇರೆ ಯಾವುದಕ್ಕೂ ಇರಲಿಲ್ಲ.

ಕುರ್ಲಾದಲ್ಲಿ ಇಳಿದು ಹಾರ್ಬರ್ ಲೈನಿನ ಕಡೆ ಸೇತುವೆ ಹತ್ತುವಾಗ ಕಟಿಂಗ್ ಸಲೂನಿನ ಬೋರ್ಡೊಂದು ಕಂಡು ಅವನು ಎಂದಿನಂತೆ ಮುಖ ತಿರುಗಿಸಿಕೊಂಡ. ಎರಡು ವರ್ಷದ ಹಿಂದೆ, ಎಂಬತ್ತೆಂಟರ ಜನವರಿ. ಈ ಬ್ಯಾಕ್ಟೀರಿಯಾಕ್ಕೊಂದು ಚಾಳಿಯಿತ್ತು: ಗಾಜಿನ ಕೊಳವೆಯಲ್ಲಿ ಸಕ್ಕರೆ ತಿನ್ನಿಸಿ ಸುಮ್ಮನೆ ಸಾಕುತ್ತಾ ಹೋದರೆ ಸೋಮಾರಿಯಾಗಿ ರೋಗ ತರುವುದನ್ನೇ ಮರೆತುಬಿಡುತ್ತದೆ. ಹಾಗಾಗದಂತೆ ಮೂರು ತಿಂಗಳಿಗೊಮ್ಮೆ ಅದನ್ನು ಗಿಡದ ಮೂಲಕ ಹಾಯಿಸಿ ತರಬೇಕು. ತಾರಸಿಯ ಮೇಲಿನ ಗಾಜಿನ ಮನೆಯಲ್ಲಿ, ಬ್ಯಾಕ್ಟೀರಿಯಾ ಕದಡಿದ ನೀರಿನಲ್ಲಿ ಕತ್ತರಿ ಅದ್ದಿ, ಭತ್ತದ ಎಲೆಗಳ ತುದಿ ಕತ್ತರಿಸಬೇಕು. ಹದಿನಾಲ್ಕು ದಿನ ಕಾದು, ಎಲೆ ಎಷ್ಟು ಉದ್ದ ಒಣಗಿತೆಂದು ಅಳೆದು, ಒಣಗಿದ ಎಲೆಯಿಂದಲೇ ಮತ್ತೆ ಅದನ್ನು ಹೊರತೆಗೆದು ಹೊಸ ಕೊಳವೆಗೆ ಹಾಕಬೇಕು. ರೋಗ ಜೋರಾಗಿಯೇ ಬಂತು ಎಂಬ ಗುರುತಿಗೆ ರಿಜಿಸ್ಟರಿನಲ್ಲಿ ಎರಡು ಪ್ಲಸ್ ಬರೆಯಬೇಕು. ಎಂಬತ್ತೇಳರ ಮಳೆಗಾಲದಲ್ಲಿ ಡೀಪ್ ಫ್ರೀಜರ್ ಕೆಟ್ಟು ಹಳೆಯ ಕೊಳವೆಗಳೆಲ್ಲ ಸತ್ತಮೇಲೆ ಉಳಿದದ್ದು ಹಿರಿಯಣ್ಣನ ಕೈಯಲ್ಲಿದ್ದ ಈ ಒಂದೇ ಸಂತಾನ. ಇಂಥ ಕೆಲಸ ಮಾಡುತ್ತಾ ಅವನು ಬಗ್ಗಿ ನಿಂತಿದ್ದಾಗ ವೆಂಕಟಸುಬ್ಬಯ್ಯ ಜಪಾನಿನ ಅತಿಥಿಯೊಬ್ಬರನ್ನು ಕರೆದುಕೊಂಡು ತಾರಸಿಗೆ ಬಂದರು. ಹಿಂದೆ ಇಡೀ ಲ್ಯಾಬು. "ಆಂಡ್ ದಿಸ್ ಈಸ್ ಅವರ್ ಬಾರ್ಬರ್," ಎಂದರು. ಜಪಾನಿನವರು ತಮ್ಮ ನೆರೆತ ತಲೆಯನ್ನು ಸ್ವಲ್ಪ ಬಗ್ಗಿಸಿ, ನನಗೂ ಒಂದಿಷ್ಟು ಕತ್ತರಿಸಿ ಎಂಬಂತೆ ಅಭಿನಯಿಸಿದರು. ಎಲ್ಲರೂ ನಕ್ಕರು. ಹಿರಿಯಣ್ಣನೂ ನಕ್ಕ, ಕೈಯಲ್ಲಿ ಕತ್ತರಿ ಹಿಡಿದು ನಿಂತವನು ಮತ್ತೇನು ಮಾಡಲಾದೀತು? ಎಲ್ಲರ ಹಿಂದೆ, ಕೆಲಸಕ್ಕೆ ಸೇರಿ ಇನ್ನೂ ವಾರ ಕಳೆಯದ, ಬಿಜಾಪುರದಿಂದ ಬಂದ ಒಂದು ಹುಡುಗಿ ಓಢಣಿಯ ತುದಿಯನ್ನು ಬಾಯಿಗಿಟ್ಟುಕೊಂಡು ಎಲ್ಲರಿಗಿಂತ ಒಂದು ಗಳಿಗೆ ಹೆಚ್ಚಾಗಿ ನಕ್ಕಿತು. ಆವತ್ತು ಅವನು ಕತ್ತರಿ ತೊಳೆದು ಇಟ್ಟವನು ಆಮೇಲೆ ತಾರಸಿ ಹತ್ತಲಿಲ್ಲ. ಮೂರು ತಿಂಗಳಿಗೊಮ್ಮೆ, ತನ್ನ ಮೇಜಿನಲ್ಲೇ ಕುಳಿತು, ಎರಡು ಪ್ಲಸ್ ಬರೆದ. ಮೊದಲ ಸಲ ಸುತ್ತ ನೋಡಿ ಬರೆದ, ಎರಡನೆಯ ಸಲ ನೋಡಲಿಲ್ಲ.

ಹೋದ ದೀಪಾವಳಿಯ ಹೊತ್ತಿಗೆ ಒಮ್ಮೆ ಹೆದರಿಕೆಯಾಗಿ ಯಾರಿಗೂ ಹೇಳದೆ ಮೇಲೆ ಹೋಗಿ ಇಪ್ಪತ್ತು ಎಲೆ ಕತ್ತರಿಸಿ ಬಂದಿದ್ದ. ಹದಿನಾಲ್ಕನೆಯ ದಿನ ನೋಡಿದರೆ ಇಪ್ಪತ್ತೂ ಹಸಿರು. ಕತ್ತರಿಸಿದ ಜಾಗದಲ್ಲಿ ದಾರದಷ್ಟು ಒಣಗಿತ್ತು, ಅದೂ ಬರೀ ಗಾಯದ ಒಣಗು. ಗಿಡಕ್ಕೆ ನೀರು ಹಾಕುವ ಮಾಲಿ ಚೆನ್ನಯ ಪೈಪು ಹಿಡಿದು ಪಕ್ಕಕ್ಕೆ ಬಂದು, "ಎಲೆ ಹಸಿರೇ ಉಂಟಲ್ಲ ಸಾರ್? ಮೊದಲೆಲ್ಲ ಒಣಗಿ ಹುಲ್ಲಾಗ್ತಿತ್ತು. ನಿಮ್ಮ ರೋಗಕ್ಕೇ ರೋಗ ಬಂತೋ ಏನೋ ಮಾರಾಯ್ರೆ," ಎಂದು ಹಲ್ಲು ಕಿರಿದಿದ್ದ. ಹಿರಿಯಣ್ಣ ಅವನಿಗೆ, ಪೈಪಿನ ನೀರು ಸೋರಿ ತಾರಸಿಯೆಲ್ಲ ಪಾಚಿಗಟ್ಟಿದೆ, ಕಂಪ್ಲೇಂಟ್ ಬರೆಯುತ್ತೇನೆ ಎಂದು ಗದರಿ ಕೆಳಗಿಳಿದಿದ್ದ. ಕಂಪ್ಲೇಂಟ್ ಬರೆದೂ ಬರೆದಿದ್ದ. ರಿಜಿಸ್ಟರಿನಲ್ಲಿ ಅವತ್ತು ಮೂರು ಪ್ಲಸ್ ಹಾಕಿದ, ಯಾವತ್ತಿಗಿಂತ ಒಂದು ಹೆಚ್ಚು. ಆ ಮೂರನೆಯದನ್ನು ಏಕೆ ಹಾಕಿದೆನೆಂದು ಗೋವಂಡಿಯಲ್ಲಿ ಇಳಿದು ಬಸ್ಸಿನ ಸಾಲಿನಲ್ಲಿ ನಿಂತಾಗಲೂ ಅವನಿಗೆ ತಿಳಿಯಲಿಲ್ಲ.

ಗುರುಬಾಯಿ ಆಗಲೇ ಬಂದಿದ್ದಳು. ತಾರಸಿಯ ಮೇಲೆ ನಕ್ಕ ಹುಡುಗಿಯೇ ಅವಳು. ಜೋಗೇಶ್ವರಿಯಲ್ಲಿ ಸೋದರಮಾವನ ಮನೆಯ ಅಡಿಗೆಕೋಣೆಯಲ್ಲಿ ಮಲಗಿ ಎದ್ದು, ಎರಡು ಲೈನು ಬದಲಾಯಿಸಿ, ಎಲ್ಲರಿಗಿಂತ ಮೊದಲು ಬಂದು ಡಾರ್ಕ್‌ರೂಮಿನಲ್ಲಿ ಫಿಲ್ಮು ತೊಳೆದು ತೂಗುಹಾಕಿರುತ್ತಿದ್ದಳು. ಸಪೂರ ಕೈ, ಉಗುರಿನ ಸಂದಿನಲ್ಲಿ ಡೆವಲಪರಿನ ಕಂದು. ಜೀನು ಪ್ರಕಟಿಸುವ ಮುಂಚೆ ಪೂರ್ತಿ ಇನ್ನೊಮ್ಮೆ ಓದಬೇಕೆಂಬ ನಿಯಮದಂತೆ ಅವಳು ಕೊಳವೆಯ ಬ್ಯಾಕ್ಟೀರಿಯಾದಿಂದ ಮತ್ತೆ ಮೊದಲಿನಿಂದ ಓದಿಕೊಂಡು ಬಂದಿದ್ದಳು. ಎರಡು ಸಾವಿರದ ಎಂಟುನೂರು ಅಕ್ಷರ ಒಂದೂ ತಪ್ಪಿಲ್ಲದೆ ಹೊಂದಿತ್ತು. ಒಂದೇ ಒಂದು ಕಡೆ ಹೊಂದಲಿಲ್ಲ. ಎಂಬತ್ತಾರರಲ್ಲಿ ವೆಂಕಟಸುಬ್ಬಯ್ಯನವರೇ ಖುದ್ದಾಗಿ ಓದಿದ ಭಾಗ, ಜಿ ಸಾಲಿನಲ್ಲಿ ಒಂದರ ಮೇಲೊಂದು ಆರು ಗೆರೆ. ಅವಳಿಗೆ ಅಲ್ಲಿ ಐದೇ ಸಿಗುತ್ತಿದ್ದವು. ಮೂರು ಸಲ ಮಾಡಿ ಮೂರು ಸಲವೂ ಐದು. ಐದಾದರೆ ಅಲ್ಲಿಂದ ಮುಂದೆ ಜೀನು ಅಪಾರ್ಥವಾಗಿ, ನಡುವೆ ತುಂಡಾಗಿ, ಸತ್ತ ಜೀನಾಗುತ್ತದೆ. ಜಿ ಗೆರೆಗಳು ಗುಂಪಾಗಿರುವಲ್ಲಿ ಎರಡು ಗೆರೆ ಒತ್ತರಿಸಿಕೊಂಡು ಒಂದೇ ಆಗಿ ಕಾಣುವುದು ಇದ್ದದ್ದೇ. ಒಳ್ಳೆಯ ಓದುಗರು ಅದನ್ನು ಬಿಡಿಸಿ ನೋಡುತ್ತಾರೆ ಎಂದು ವೆಂಕಟಸುಬ್ಬಯ್ಯ ಹೇಳಿದ್ದರು. ಇವತ್ತಿನದು ನಾಲ್ಕನೆಯ ಫಿಲ್ಮು. ಇದರ ಮೇಲೆ ಅವಳ ಫೆಲೋಶಿಪ್ ಮುಂದುವರಿಯುವುದು ನಿಂತಿತ್ತು. ಮಾರ್ಚ್ ಮೂವತ್ತೊಂದಕ್ಕೆ ಅವಧಿ ಮುಗಿಯುತ್ತದೆ, ಇವತ್ತು ಸಂಜೆ ನಾಲ್ಕಕ್ಕೆ ವೆಂಕಟಸುಬ್ಬಯ್ಯ ಕಾಗದಕ್ಕೆ ಸಹಿ ಹಾಕದಿದ್ದರೆ ಅವಳು ಗಂಟುಮೂಟೆ ಕಟ್ಟಿ ಬಿಜಾಪುರದ ಬಸ್ಸು ಹತ್ತಬೇಕು.

"ಭಾಳ ಚಂದ ಬಂದದ ನೋಡ್ರಿ ಸರ," ಎಂದು ಅವಳು ಫಿಲ್ಮನ್ನು ಅಂಚಿನಲ್ಲಿ ಹಿಡಿದು ಅವನ ಮುಂದಿನ ಬೆಳಕಿನ ಪೆಟ್ಟಿಗೆಯ ಮೇಲೆ ಹಾಸಿದಳು. "ನಾ ನಂದು ಓದಿ ಬರ್ದೀನಿ. ಏನ್ ಬಂತು ಅಂತ ಹೇಳೂದಿಲ್ಲ. ನಿಮ್ದು ನೀವ್ ಓದ್ರಿ." ಹೇಳುವ ಅಗತ್ಯವೂ ಇರಲಿಲ್ಲ. ಅವಳು ಹೊರಗೆ ಹೋಗಿ ಬಾಗಿಲೆಳೆದುಕೊಂಡಳು. ಹಿರಿಯಣ್ಣ ಕನ್ನಡಕ ಒರೆಸಿ, ಕೆಳಗಿನಿಂದ ಓದುತ್ತಾ ಬಂದ. ಇಷ್ಟು ಶುಭ್ರವಾದ ಫಿಲ್ಮನ್ನು ಅವನು ಹತ್ತು ವರ್ಷದಲ್ಲಿ ನೋಡಿರಲಿಲ್ಲ. ಗೆರೆಗಳು ಸ್ಕೇಲಿಟ್ಟು ಎಳೆದಹಾಗೆ, ನಡುವೆ ಸಮನಾದ ಜಾಗ. ಆ ಜಾಗ ಬಂತು. ಒಂದು, ಎರಡು, ಮೂರು, ನಾಲ್ಕು, ಐದು. ಆಮೇಲೆ ಸಿ. ಒತ್ತರಿಸಿಕೊಂಡದ್ದು ಯಾವುದೂ ಇಲ್ಲ, ಬಿಡಿಸಿ ನೋಡುವಂಥದ್ದೂ ಇಲ್ಲ. ಹುಡುಗಿಯ ಕಣ್ಣು ತನ್ನ ಕಣ್ಣಿಗಿಂತ ಚೆನ್ನಾಗಿದೆ ಎಂದು ಅವನಿಗೆ ಅನಿಸಿತು, ಅನಿಸಿದ್ದೇ ಹೊಟ್ಟೆಕಿಚ್ಚಾಯಿತು. ಏನಾಗಿದೆಯೆಂದು ಅವನಿಗೆ ಗೊತ್ತಿತ್ತು. ಗಿಡ ಕಾಣದೆ ಎರಡು ವರ್ಷ ಸಕ್ಕರೆ ತಿಂದು ಬೊಜ್ಜು ಬೆಳೆಸಿಕೊಂಡ ಬ್ಯಾಕ್ಟೀರಿಯಾ ತನಗೆ ಬೇಡವಾದ ಜೀನಿನ ಒಂದು ಅಕ್ಷರ ಉದುರಿಸಿಕೊಂಡಿತ್ತು. ಅವಳು ಓದುತ್ತಿದ್ದುದು ಬ್ಯಾಕ್ಟೀರಿಯಾದಲ್ಲಿ ಇದ್ದದ್ದನ್ನೇ. ಅವಳು ಓದುತ್ತಿದ್ದುದು, ನಿಜ ಹೇಳಬೇಕೆಂದರೆ, ಅವನ ರಿಜಿಸ್ಟರನ್ನು. ಐದು ಎಂದು ಬರೆದರೆ, ಓದಿದ್ದು ಸರಿಯಾದರೆ ಬ್ಯಾಕ್ಟೀರಿಯಾಕ್ಕೆ ಏನಾಯಿತು ಎಂಬ ಪ್ರಶ್ನೆ ಏಳುತ್ತದೆ, ಆ ಪ್ರಶ್ನೆ ತಾರಸಿಗೆ ಹೋಗುತ್ತದೆ, ಅಲ್ಲಿ ಚೆನ್ನಯ ಪೈಪು ಹಿಡಿದು ನಿಂತಿರುತ್ತಾನೆ. ಗುರುವಾರ. ಬೂದು ಪ್ಯಾಂಟು. ಅವನು ಪೆನ್ಸಿಲ್ ಎತ್ತಿ ಜಿ ಎಂದು ಐದು ಸಲ ಬರೆದು, ಪೆನ್ಸಿಲ್ ಇಡಲು ಹೋಗಿ, ಇನ್ನೊಂದು ಬರೆದ.

ವೆಂಕಟಸುಬ್ಬಯ್ಯನವರ ಕೋಣೆಯ ಗೋಡೆಯ ಮೇಲೆ ಎಂಬತ್ತಾರರ ಆ ಹಳೆಯ ಫಿಲ್ಮು ಕಟ್ಟುಹಾಕಿಸಿ ತೂಗಿತ್ತು, ಬೇರೆಯವರ ಮನೆಯಲ್ಲಿ ತಂದೆತಾಯಿಯ ಫೋಟೋ ಇರುವಂತೆ. ಇಬ್ಬರ ಪುಸ್ತಕಗಳನ್ನೂ ಅಕ್ಕಪಕ್ಕ ಇಟ್ಟು ಅವರು ಒಂದೊಂದೇ ಅಕ್ಷರ ಬೆರಳಿಟ್ಟು ಹೋಲಿಸಿದರು. ಅವರ ಕೋಪ ಯಾವತ್ತೂ ಮೆಲ್ಲಗೆ, ಒಳ್ಳೆಯ ಮೈಸೂರು ಕನ್ನಡದಲ್ಲಿ ಬರುತ್ತಿತ್ತು. "ಹಿರಿಯಣ್ಣಂಗೆ ಆರು ಕಾಣತ್ತೆ. ನಂಗೆ ಆರು ಕಾಣತ್ತೆ. ನಿಂಗೆ ಮಾತ್ರ ಐದು. ಬಿಜಾಪುರದಲ್ಲಿ ಆರರ ತನಕ ಎಣಿಸೋಕೆ ಕಲಿಸಲ್ವೇನಮ್ಮ? ಅಥವಾ ನಿಮ್ಮ ಕಡೆ ಐದಾದ ಮೇಲೆ ಏಳೋ?" ಗುರುಬಾಯಿ ತಲೆ ತಗ್ಗಿಸಿದಳು. ಅವಳ ಕಿವಿಯ ಹಿಂಭಾಗ ಕೆಂಪಗಾದುದನ್ನು ಹಿರಿಯಣ್ಣ ನೋಡಿದ. ಅವನ ಹೊಟ್ಟೆಯಲ್ಲಿ ಬಿಸಿಯಾಗಿ ಏನೋ ಹರಡಿತು, ಚಳಿಯಲ್ಲಿ ಕಾಫಿ ಇಳಿದಂತೆ. ಎರಡು ವರ್ಷದಿಂದ ಕಾದಿದ್ದ ಸುಖ ಇದು ಎಂದು ತಿಳಿದಾಗ ಗಾಬರಿಯಾಯಿತು, ಆದರೆ ಸುಖ ನಿಲ್ಲಲಿಲ್ಲ. ಓಢಣಿ ಬಾಯಿಗಿಟ್ಟುಕೊಂಡು ನಕ್ಕೆಯಲ್ಲ, ಈಗ ನಗು.

"ಸರ, ಒಂದ್ ಮಾತ್ ಅನ್ಲ್ಯಾ?" ಎಂದಳು. ದನಿ ಸಣ್ಣಗಿತ್ತು, ಆದರೂ ಒಡೆದಿರಲಿಲ್ಲ. "ಬ್ಯಾಕ್ಟೀರಿಯಾನ ಬದಲಾಗಿದ್ರ? ಕೊಳವ್ಯಾಗ ಇಟ್ಟ್ ಇಟ್ಟ್ ಹಂಗಾಗ್ತದ ಅಂತ ಪುಸ್ತಕದಾಗ ಓದೀನ್ರಿ. ಒಮ್ಮಿ ಎಲಿ ಮ್ಯಾಲ ಟೆಸ್ಟ್ ಮಾಡಿದ್ರ ಗೊತ್ತಾಗ್ತದಲ್ರಿ. ನಾನ ಮಾಡ್ತೀನ್ರಿ, ಹದಿನಾಲ್ಕ ದಿನದ ಕೆಲಸ ಅದ." ವೆಂಕಟಸುಬ್ಬಯ್ಯ ಎದ್ದು ಕಪಾಟಿನಿಂದ ಉದ್ದನೆಯ ಹಸಿರು ರಿಜಿಸ್ಟರನ್ನು ತೆಗೆದು ಅವಳ ಮುಂದೆ ಬಿಚ್ಚಿಟ್ಟು, ಒಂದೊಂದೇ ದಿನಾಂಕದ ಮೇಲೆ ಬೆರಳಿಟ್ಟು ಓದಿಸಿದರು. ಏಪ್ರಿಲ್, ಎರಡು ಪ್ಲಸ್. ಜುಲೈ, ಎರಡು ಪ್ಲಸ್. ನವೆಂಬರ್, ಮೂರು ಪ್ಲಸ್. "ಇದನ್ನ ಬರ್ದೋರು ಇಲ್ಲೇ ನಿಂತಿದಾರೆ. ಮೂರು ಪ್ಲಸ್ ರೋಗ ತರೋ ಬ್ಯಾಕ್ಟೀರಿಯಾದಲ್ಲಿ ಆ ಜೀನು ಸತ್ತಿದೆ ಅಂತೀಯ. ಹಾಗಾದ್ರೆ ಇವರು ಸುಳ್ಳು ಬರ್ದಿದಾರೆ ಅಂತ್ಲೇ ಅರ್ಥ. ಅದನ್ನೇ ನೀನು ಹೇಳ್ತಿರೋದು?" ಆಮೇಲೆ ಹಿರಿಯಣ್ಣನ ಕಡೆ ತಿರುಗಿ, "ಏನ್ರೀ ಹಿರಿಯಣ್ಣ, ಅದೇ ಬ್ಯಾಕ್ಟೀರಿಯಾ ತಾನೇ? ಎಲೆ ಒಣಗ್ತಿದೆ ತಾನೇ?"

ಆ ಪ್ರಶ್ನೆಗೆ ಉತ್ತರ ಹೇಳುವಷ್ಟರಲ್ಲಿ ಹಿರಿಯಣ್ಣ ಮನಸ್ಸಿನಲ್ಲೇ ಕರ್ಜತ್‌ಗೆ ಹೋಗಿ ಬಂದ. ಎಂಬತ್ತೈದರ ಸೆಪ್ಟೆಂಬರು, ಮೊಣಕಾಲುದ್ದದ ಕೆಸರಿನ ಗದ್ದೆ. ವೆಂಕಟಸುಬ್ಬಯ್ಯ ಪ್ಯಾಂಟು ಮಡಚಿಕೊಂಡು ಬದುವಿನ ಮೇಲೆ ನಿಂತಿದ್ದರು; ಒಣಗಿದ ಎಲೆಗಳನ್ನು ಹುಡುಕಿ ಹುಡುಕಿ ಕಿತ್ತವನು ಇವನೇ. ಬೆಳಗಿನ ಹೊತ್ತು ಒಂದು ಎಲೆಯ ಅಂಚಿನ ಮೇಲೆ ಹಳದಿ ಹನಿಯೊಂದು ಕೂತಿತ್ತು, ಬ್ಯಾಕ್ಟೀರಿಯಾವೇ ಉಕ್ಕಿ ಹನಿಯಾದದ್ದು. ಅದನ್ನು ನೋಡಿ ಅವನಿಗೆ ಮೊದಲ ಮಗಳನ್ನು ಕಂಡಾಗ ಆದಷ್ಟೇ ಸಂತೋಷವಾಗಿತ್ತು. ಇಬ್ಬರೂ ಒಂದೇ ಥರ್ಮಾಸಿನಿಂದ ಚಹಾ ಕುಡಿದಿದ್ದರು, ಆಗ ಅವರು ಅವನನ್ನು ಹಿರಿಯಣ್ಣನವರೇ ಎನ್ನುತ್ತಿದ್ದರು. ಆ ಹನಿಯನ್ನು ಕೊಂದದ್ದು ತಾನು. ಒಂದು ನಗುವಿಗಾಗಿ ಅದನ್ನು ಸಕ್ಕರೆ ತಿನ್ನಿಸಿ ಕೊಂದೆ ಎಂದು ಈಗ, ಇಲ್ಲಿ, ಹೇಳಿಬಿಟ್ಟರೆ ಎಷ್ಟು ಹಗುರ, ನಾಲ್ಕು ಮಾತು ಸಾಕು. "ಹೌದು ಸಾರ್, ಒಣಗ್ತಿದೆ," ಎಂದ.

ಗುರುಬಾಯಿ ತಟ್ಟನೆ ಅವನ ಕಡೆ ಕೈಮುಗಿದಳು. "ಇಲ್ರಿ ಸರ, ದೇವರಾಣಿ ನಾ ನಿಮ್ಮ ಬಗ್ಗೆ ಹಂಗ ಅಂದಿಲ್ರಿ. ತಪ್ಪಾತ್ರಿ. ನನಗ ಅದು ತಲಿಗೇ ಹೊಳೀಲಿಲ್ಲ," ಎಂದು ಕಣ್ಣಲ್ಲಿ ನೀರು ತಂದುಕೊಂಡಳು. ಇಷ್ಟು ಹೊತ್ತು ಬೈಸಿಕೊಂಡಾಗ ಬಾರದ ನೀರು ಅದು. ವೆಂಕಟಸುಬ್ಬಯ್ಯನವರಿಗೆ ಇದರಿಂದ ಸ್ವಲ್ಪ ಸಮಾಧಾನವಾದಂತೆ ಕಂಡಿತು. "ನೋಡು, ನಾನೇನು ರಾಕ್ಷಸ ಅಲ್ಲ," ಎಂದರು. "ಕೆಲಸದಲ್ಲಿ ನಿಯತ್ತಿದೆ, ಕಣ್ಣಲ್ಲಿ ದೋಷ ಇದೆ. ಕಣ್ಣನ್ನ ಪಳಗಿಸ್ಕೋಬಹುದು. ಮೂರು ಗಂಟೆಗೆ ಹಿರಿಯಣ್ಣನ ಎದುರು ಕೂತು ಇನ್ನೊಂದು ಸಲ ಓದು. ಇವರೇ ಬರ್ಕೊಳ್ಳಲಿ. ಸರಿಯಾಗಿ ಓದಿದೀಯ ಅಂತ ಇವರು ಹೇಳಿದ್ರೆ ನಾಲ್ಕಕ್ಕೆ ಸಹಿ ಹಾಕ್ತೀನಿ. ಇಲ್ದಿದ್ರೆ ನಿನ್ನ ಕಾಲ, ನನ್ನ ಕಾಲ, ಯಾಕಮ್ಮ ಹಾಳು?"

ಕ್ಯಾಂಟೀನಿನಲ್ಲಿ ಹಿರಿಯಣ್ಣ ಡಬ್ಬಿ ಬಿಚ್ಚದೆ ಕುಳಿತಿದ್ದ. ಅವಳು ಬಂದು ಎದುರು ಕುಳಿತಳು. ಕೂರದಿದ್ದರೆ ಚೆನ್ನಾಗಿತ್ತು. ಮಾವನ ಮನೆಯಿಂದ ತಂದ, ಒಣಗಿ ಗರಿಗರಿಯಾದ ಕಟಿ ರೊಟ್ಟಿಯನ್ನು ಎರಡು ಮಾಡಿ, ಶೇಂಗಾ ಹಿಂಡಿ ಹಚ್ಚಿ, ಅರ್ಧ ಅವನ ಡಬ್ಬಿಯ ಮುಚ್ಚಳದ ಮೇಲೆ ಇಟ್ಟಳು. "ಸಿಟ್ಟಾಗಬ್ಯಾಡ್ರಿ ಸರ. ನಮ್ಮ ದಾನವ್ವ ಆಯಿಗೆ ಹಿಂಗ ಆಗಿತ್ತು, ಮುಪ್ಪಿನಾಗ ಒಂದ್ ದೀಪ ಎರಡು ಕಾಣತಿತ್ತು. ನನಗ ಉಲ್ಟಾ, ಎರಡಿದ್ದದ್ದು ಒಂದ ಕಾಣತದ." ನಗಲು ನೋಡಿದಳು. ಇಪ್ಪತ್ತೈದು ವರ್ಷ, ಇಷ್ಟೊಂದು ಒಳ್ಳೆಯವಳಾಗಿರುವ ದರ್ದು ಇವಳಿಗೇನಿತ್ತು ಎಂದು ಅವನಿಗೆ ರೇಗಿತು. ಜಗಳವಾಡಬಾರದೇ? ನೀವು ಸುಳ್ಳರು ಎನ್ನಬಾರದೇ? ತಾರಸಿಗೆ ಹೋಗಿ ಚೆನ್ನಯನನ್ನು ಒಂದು ಮಾತು ಕೇಳಬಾರದೇ? ಕೇಳಿದರೆ ಅವನು ಅರ್ಧ ನಿಮಿಷದಲ್ಲಿ ಎಲ್ಲ ಹೇಳಿಬಿಡುತ್ತಿದ್ದ, ಆ ಕಂಪ್ಲೇಂಟಿನ ಸಿಟ್ಟು ಅವನಿಗೆ ಇನ್ನೂ ಇತ್ತು. ಮಾಲಿಯನ್ನು ಯಾರೂ ಏನನ್ನೂ ಕೇಳುವುದಿಲ್ಲ ಎಂಬ ಧೈರ್ಯದ ಮೇಲೆ ತಾನು ಎರಡು ವರ್ಷ ಬದುಕಿದ್ದೇನೆ ಎಂದು ಹಿರಿಯಣ್ಣನಿಗೆ ಹೊಳೆಯಿತು. "ಸರ, ನಾ ಬಂದ ಹೊಸದಾಗ," ಎಂದಳು ಅವಳು, ರೊಟ್ಟಿ ಮುರಿಯುತ್ತಾ, "ಗಿಡಾ ಕತ್ತರಸೂ ಹೊತ್ತಿನಾಗ ಎಲ್ಲಾರೂ ನಕ್ರು. ನಾನೂ ನಕ್ಕೆ. ಯಾಕ ನಗಾಕತ್ತಾರ ಅಂತ ಗೊತ್ತಿರಲಿಲ್ರಿ, ಹಿಂದ ನಿಂತಿದ್ದೆ, ಅವರ ಇಂಗ್ಲೀಷ್ ಕಿವಿಗೆ ಹತ್ತಲಿಲ್ಲ. ನಗದಿದ್ರ ಹಳ್ಳಿ ಗಮಾರಿ ಅಂದಾರು ಅಂತ ನಕ್ಕೆ. ಆಮ್ಯಾಲ ತಿಳದಾಗ ರಾತ್ರಿ ಎಲ್ಲಾ ನಿದ್ದಿ ಬರಲಿಲ್ಲ. ಹೇಳಬೇಕು ಹೇಳಬೇಕು ಅಂತ ಎರಡ ವರ್ಷ ಆತು." ಹಿರಿಯಣ್ಣ ರೊಟ್ಟಿಯ ತುಂಡನ್ನು ಬಾಯಿಗೆ ಹಾಕಿಕೊಂಡ. "ಅದನ್ನೆಲ್ಲ ಯಾರಮ್ಮ ನೆನಪಿಟ್ಕೊಂಡಿರ್ತಾರೆ," ಎಂದ.

ಮೂರು ಗಂಟೆಗೆ ಐದು ನಿಮಿಷವಿದ್ದಾಗ ಅವನು ಮೂತ್ರದ ಕೋಣೆಯ ಕನ್ನಡಿಯ ಮುಂದೆ ನಿಂತು ತನ್ನೊಂದಿಗೆ ಕರಾರು ಮಾಡಿಕೊಂಡ. ಅವಳು ಐದು ಎಂದರೆ ಹೇಳಿಬಿಡುತ್ತೇನೆ. ಇಷ್ಟಾದ ಮೇಲೂ, ಕೆಲಸವೇ ಹೋಗುತ್ತದೆಂದು ಗೊತ್ತಿದ್ದೂ, ಕಂಡದ್ದನ್ನೇ ಹೇಳಿದಳೆಂದರೆ ತಾನೂ ಎದ್ದು ಹೋಗಿ ರಿಜಿಸ್ಟರ್ ಬಿಚ್ಚುತ್ತೇನೆ, ಎಲ್ಲ ಪ್ಲಸ್ಸುಗಳ ಮೇಲೂ ಗೆರೆ ಎಳೆಯುತ್ತೇನೆ. ಮಾತು ಮಾತೇ. ಅಮ್ಮನಾಣೆ ಎಂದೂ ಸೇರಿಸಿದ, ಇಪ್ಪತ್ತು ವರ್ಷದಿಂದ ಆಣೆ ಹಾಕಿರಲಿಲ್ಲ. ಇಷ್ಟು ನಿಶ್ಚಯ ಮಾಡಿದ್ದೇ ತಡ, ತಾನು ಆಗಲೇ ಒಳ್ಳೆಯವನಾದಂತೆ ಅನಿಸಿ ಮುಖ ತೊಳೆದುಕೊಂಡ. ಕರಾರಿನ ಭಾರವನ್ನೆಲ್ಲ ಅವಳ ಹೆಗಲಿಗೇ ಹೊರಿಸಿದ್ದೇನೆಂಬುದು ಆಗ ತಿಳಿಯಲಿಲ್ಲ, ಅಥವಾ ತಿಳಿದೂ ಮುಖ ತೊಳೆದುಕೊಂಡ.

ಬೆಳಕಿನ ಪೆಟ್ಟಿಗೆ ಹಚ್ಚಿದಾಗ ಅವಳ ಗಲ್ಲದ ಕೆಳಭಾಗ ಬೆಳ್ಳಗೆ ಬೆಳಗಿತು. ಅವಳು ಬೆರಳಿಟ್ಟು ಕೆಳಗಿನಿಂದ ಓದುತ್ತಾ ಬಂದಳು, ಅವನು ಬರೆಯುತ್ತಾ ಬಂದ. ಎ. ಸಿ. ಸಿ. ಟಿ. ಜಿ. ಸಿ. ಇಬ್ಬರಿಗೂ ರೂಢಿಯಾದ ಲಯ, ದೇವಸ್ಥಾನದಲ್ಲಿ ಒಬ್ಬರು ಹೇಳಿ ಇನ್ನೊಬ್ಬರು ಎತ್ತಿಕೊಳ್ಳುವ ಹಾಗೆ. ಆ ಜಾಗಕ್ಕೆ ಬಂದಾಗ ಅವಳ ಬೆರಳು ನಿಂತಿತು. ಹಿರಿಯಣ್ಣ ಪೆನ್ಸಿಲನ್ನು ಕಾಗದಕ್ಕೆ ಒತ್ತಿ ಹಿಡಿದ. ಹೇಳು, ಎಂದು ಒಳಗೇ ಅಂಗಲಾಚಿದ, ಐದು ಅನ್ನು, ನನ್ನನ್ನು ಹಾಳುಮಾಡು. "ಜಿ," ಎಂದಳು. "ಜಿ. ಜಿ. ಜಿ." ಮತ್ತೆ ನಿಂತಳು. ಬಗ್ಗಿದಳು, ಮೂಗು ಗಾಜಿಗೆ ತಾಗುವಷ್ಟು. "ಜಿ," ಎಂದಳು. ಐದಾಯಿತು. ಮೇಲಿನದು ಸಿ. ಅವಳ ಬೆರಳು ಏರಲಿಲ್ಲ. ಅದೇ ಐದನೆಯ ಗೆರೆಯ ಮೇಲೆ ಒಮ್ಮೆ ಎತ್ತಿ, ಅದೇ ಗೆರೆಯ ಮೇಲೆಯೇ, ಕೂದಲೆಳೆಯಷ್ಟು ಮೇಲಕ್ಕೆ, ಮತ್ತೆ ಕೂತಿತು. "ಜಿ!" ಎಂದು ಕೂಗಿಯೇಬಿಟ್ಟಳು. "ಸರ! ಕಂಡ್ತ್ರೀ ಸರ! ಆರು ಅದಾವ್ರಿ! ಇಲ್ಲೇ ನೋಡ್ರಿ, ಒಂದಕ್ಕೊಂದು ಹತ್ತಿಕೊಂಡು ಕುಂತಾವ. ಇಷ್ಟ ದಿನ ನನಗ ಹೆಂಗ ಕಾಣಲಿಲ್ಲ? ಹುಚ್ಚ ಖೋಡಿ ನಾನು!" ಅವನ ಕಡೆ ತಿರುಗಿದ ಅವಳ ಮುಖದಲ್ಲಿ ನಟನೆ ಇದೆಯೇ ಎಂದು ಅವನು ಹುಡುಕಿದ. ಇದ್ದಿದ್ದರೆ ಅವನಿಗೆ ಬದುಕಿಕೊಳ್ಳಲು ಒಂದಿಷ್ಟು ಜಾಗ ಸಿಗುತ್ತಿತ್ತು. ಇರಲಿಲ್ಲ. ಅವಳಿಗೆ ನಿಜವಾಗಿಯೂ ಆರು ಕಂಡಿತ್ತು. ಸಂತೋಷ ತಡೆಯಲಾರದೆ ಅಳುತ್ತಾ ನಗುತ್ತಿದ್ದಳು. "ನಿಮ್ಮಿಂದ ನೋಡ್ರಿ ಸರ. ನೀವ್ ಬಾಜೂಕ ಕುಂತದ್ದಕ್ಕ ಕಣ್ಣು ತೆರೀತು."

ಹಿರಿಯಣ್ಣನ ಮೈ ಹಗುರಾಯಿತು. ಬಚಾವಾದೆ ಎಂದು ಮೊದಲು ಅನಿಸಿತು, ಥೂ ಎಂದು ಆಮೇಲೆ ಅನಿಸಿತು, ಆದರೆ ಮೊದಲು ಅನಿಸಿದ್ದು ಮೊದಲೇ. ಕಾರಿಡಾರಿನ ಆಚೆ ವೆಂಕಟಸುಬ್ಬಯ್ಯನವರ ಬಾಗಿಲು ತೆರೆದಿತ್ತು, ಅವರು ಕನ್ನಡಕ ಹಣೆಗೇರಿಸಿ ಪೆನ್ನಿಗೆ ಶಾಯಿ ತುಂಬುತ್ತಿದ್ದರು. ಸಹಿ ಬೀಳುತ್ತದೆ, ಅವಳು ಉಳಿಯುತ್ತಾಳೆ, ಗುರುವಾರ ಬರುತ್ತದೆ. ಯಾರಿಗೂ ಏನೂ ನಷ್ಟವಾಗಲಿಲ್ಲ ಎಂದು ತನಗೆ ತಾನೇ ಒಂದು ವಾಕ್ಯ ಮಾಡಿಕೊಂಡ. "ಸರಿಯಾಗಿದೆ," ಎಂದು ಗಟ್ಟಿಯಾಗಿ ಹೇಳಿದ, ಆ ಬಾಗಿಲಿಗೂ ಕೇಳಲಿ ಎಂದು. "ಮುಂದೆ ಓದು."

ಅವಳು ಕಣ್ಣೊರೆಸಿಕೊಂಡು ಓದತೊಡಗಿದಳು. ಬೆಳಗಿನ ಅಳುಕು ದನಿಯಲ್ಲಿ ಇರಲಿಲ್ಲ, ಈಗ ಬಲು ಧೈರ್ಯವಾಗಿ, ಸರಸರನೆ. ಸಿ. ಎ. ಟಿ. ಸಿ. ಎ. ಫಿಲ್ಮಿನ ಮೇಲಂಚಿನ ಹತ್ತಿರ ಜಿ ಸಾಲಿನಲ್ಲಿ ಇನ್ನೊಂದು ಗುಂಪು ಬಂತು, ಬೆಳಿಗ್ಗೆ ಇಬ್ಬರೂ ಒಂದೇ ರೀತಿ ಓದಿದ್ದದ್ದು, ಯಾರಿಗೂ ಅನುಮಾನ ಇಲ್ಲದ್ದು. ಗುರುಬಾಯಿ ಈಗ ಅಲ್ಲಿ ತಾನಾಗಿಯೇ ನಿಂತಳು. ಬಗ್ಗಿದಳು, ಕಣ್ಣು ಕಿರಿದು ಮಾಡಿದಳು, ಕಲ್ಲಿನ ಸಂದಿಯಲ್ಲಿ ಬಿದ್ದ ಸೂಜಿ ಹುಡುಕುವವಳಂತೆ. "ಇಲ್ಲೂ ಒಂದು ಅಡಗಿ ಕುಂತದ ನೋಡ್ರಿ ಸರ," ಎಂದಳು ಗೆಲುವಿನಿಂದ. "ಮುಂಜಾನೆ ಇಬ್ರಿಗೂ ತಪ್ಪಿಸಿಕೊಂಡದ. ಮೂರಲ್ರಿ ಇವು, ನಾಕು. ಹೌದಲ್ರಿ?"

ಅಲ್ಲ ಎನ್ನಬೇಕಾದರೆ ಎಲ್ಲಿಂದ ಶುರುಮಾಡಬೇಕು ಎಂದು ಹಿರಿಯಣ್ಣ ಯೋಚಿಸಿದ. ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿದ. ಮೂರು ಗೆರೆಯಿದ್ದವು. "ಹೌದು," ಎಂದು ನಾಲ್ಕು ಬರೆದ.